ಸಿದ್ದಪ್ಪನವರ ಬೆಳ್ಳಿ ಪ್ಲೇಟು

ನನ್ನ ಧಾರೆ ಮುಗಿದು ಇನ್ನೂ ಕಣ್ಣು ಒರೆಸಿಕೊಂಡಿರಲಿಲ್ಲ. ಎದುರಿಗಿದ್ದ ಕರಿ ಬಟ್ಟೆಯೊಳಗಿಂದ ಒಂದು ದನಿ ಗದರಿತು: “ಏನವ್ವ ಮದ್ಲಿಂಗಿತ್ತಿ, ಸತ್ತಂಗೆ ಕೂತ್ಕೊ! ರೆಪ್ಪೆ ಆಡುಸ್ಬ್ಯಾಡ!”

ನನ್ನ ಮಾವನವರ ತಾಯಿ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು, ಎದ್ದು ನಿಂತು “ಬುಡ್ತು ಅನ್ನಯ್ಯ! ಮದ್ವೆ ಮನೇಲಿ ಇದೆಂಥ ಮಾತು!” ಎಂದು ಕೂಗಿದರು. ಬಟ್ಟೆಯೊಳಗಿನವರು ಬಿಡ್ತು ಅನ್ನಲಿಲ್ಲ. ಒಂದು ಕೈ ಮಾತ್ರ ಹೊರಗೆ ಬಂದು ಕ್ಯಾಮೆರಾದ ಮುಚ್ಚಳ ತೆಗೆಯಿತು, ತನಗೆ ತೋಚಿದಷ್ಟು ಹೊತ್ತು ಗಾಳಿಯಲ್ಲಿ ನಿಂತಿತು, ಮತ್ತೆ ಮುಚ್ಚಿತು. ಆಮೇಲೆ ತಲೆ ಹೊರಗೆ ಹಾಕಿ, ನಮಗೆಲ್ಲ ವರ ಕೊಡುವವರ ಹಾಗೆ, “ಹೂಂ, ಬದುಕ್ಕಳಿ!” ಎಂದರು. ಆ ಮಾತು ಕೇಳಿದ ಮೇಲೇ ನಾವು ಕದಲಿದೆವು.

ಅವರೇ ಪಟದ ಸಿದ್ದಪ್ಪನವರು. ಮದ್ದೂರು ರೈಲು ಸ್ಟೇಷನ್ನಿನ ಹಿಂದೆ ಅವರ ಸ್ಟುಡಿಯೋ ಇತ್ತು. ಸ್ಟುಡಿಯೋ ಎಂದರೆ ಹೆಂಚಿನ ಮನೆ, ಬೆಳಕಿಗೆಂದು ನಡುವೆ ಗಾಜಿನ ಹೆಂಚು, ಕೆಳಗೆ ಒಂದು ಕೆತ್ತನೆಯ ಕುರ್ಚಿ. ಎರಡನೇ ಮಹಾಯುದ್ಧ ಶುರುವಾಗುವ ಮೊದಲೂ ಆಮೇಲೂ ಅವರ ಮೈಮೇಲೆ ಅದೇ ಕರಿ ಕೋಟು, ಬೆರಳ ತುದಿಯಲ್ಲಿ ಔಷಧಿಯ ಅದೇ ಕಂದು ಕಲೆ. ಗಿರಾಕಿಗಳ ಮೇಲೆ ಅವರಿಗೆ ಒಂದಿಷ್ಟೂ ಗೌರವವಿರಲಿಲ್ಲ. ಯಾರೋ ಅಧಿಕಾರಿ ಅವರನ್ನು ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ದು ಹಕ್ಕಿಗಳ ಪಟ ತೆಗೆಸಿದ್ದರಂತೆ. “ಕೊಕ್ರೆಗೂ ನಿಮ್ಮ ಬೀಗ್ರಿಗೂ ಏನೂ ವ್ಯತ್ಯಾಸಿಲ್ಲ ಕಣಮ್ಮ, ಒಂದೂ ಒಂದ್ ತಾವ ನಿಲ್ಲಾಕಿಲ್ಲ” ಎಂದು ನನ್ನ ಅತ್ತೆಯವರಿಗೇ ಹೇಳಿದರು. ಬಂಡೂರಿನವರೊಬ್ಬರು ತಮ್ಮ ಟಗರಿನ ಜೊತೆ ಪಟಕ್ಕೆ ನಿಂತಾಗ ಟಗರು ಕಲ್ಲಿನಂತೆ ನಿಂತಿತ್ತಂತೆ, ಒಡೆಯನಿಗೆ ಎರಡು ಮೂಗು ಬಂದಿದ್ದವಂತೆ. ಆ ಪಟವನ್ನು ಅವರು ಸ್ಟುಡಿಯೋದ ಬಾಗಿಲಲ್ಲೇ ನೇತುಹಾಕಿದ್ದರು.

ನನ್ನ ಮಾವನವರು ಕೊಪ್ಪದಲ್ಲಿ ಭತ್ತ, ಕಬ್ಬು ಬೆಳೆಯುತ್ತಿದ್ದವರು. ಜಿಪುಣ ಎಂದರೆ ಅವರಿಗೆ ಬೇಜಾರು, ಲೆಕ್ಕಾಚಾರದ ಮನುಷ್ಯ ಎನ್ನಬೇಕು. ಅಜ್ಜಿಗೆ ಕೈಕಾಲು ಸೋಲುತ್ತಾ ಬಂದಾಗ ಅವರ ಒಂದು ಪಟ ಇರಲಿ ಎಂದು ಗಾಡಿ ಕಟ್ಟಿಸಿದರು. ಅಜ್ಜಿಯನ್ನು ಹಿಡಿದುಕೊಳ್ಳಲು ನಾನೂ ಜೊತೆಗೆ ಹೋದೆ. ಸಿದ್ದಪ್ಪನವರು ರೇಟು ಹೇಳಿದ್ದೇ ತಡ, ಮಾವನವರು ಹೌಹಾರಿದರು.

“ಕಣ್ ಮಿಟುಕ್ಸೋ ಒತ್ತಿಗೆ ಒಂದ್ ಪಲ್ಲ ಭತ್ತದ ದುಡ್ಡಾ?”

“ಮಿಟುಕ್ಸೋಕಲ್ಲ ಗೌಡ್ರೆ, ಮಿಟುಕ್ಸದೆ ಇರೋಕೆ! ಪಟ ಮೂಡೋ ಪ್ಲೇಟು ಬಿಳೀರ ಸೀಮೆಯಿಂದ ಬರ್ಬೇಕು. ಗಾಜಿನ ಮ್ಯಾಲೆ ಬೆಳ್ಳಿ ಬಳ್ದವ್ರೆ. ಔಸ್ದಿ ಮೈಸೂರಿಂದ ತರ್ಬೇಕು. ಕತ್ಲೆ ಕ್ವಾಣೇಲಿ ಕುಂತು ನಾನು ತೊಳೀಬೇಕು. ನಿಮ್ಮವ್ವ ಒಂದ್ ಸಲ ಸೀನುದ್ರೆ ಅಷ್ಟೂ ಮೋರಿಗೆ.”

ಇಷ್ಟರಲ್ಲಿ ಮಾವನವರ ಕಿವಿಗೆ ಬಿದ್ದದ್ದು ಒಂದೇ ಮಾತು, ಬೆಳ್ಳಿ. “ಬೆಳ್ಳಿ ದುಡ್ಡು ನಾನ್ ಕೊಟ್ಮೇಲೆ ಪ್ಲೇಟು ನಂದೇ ತಾನೆ?” ಎಂದರು.

“ನಿಮ್ದೇ ತಕೊಂಡೋಗಿ. ಆದ್ರೆ ಅದು ಬಿತ್ನೆ ಬೀಜ ಇದ್ದಂಗೆ ಕಣ್ರೀ. ಎಷ್ಟು ಪಟ ಬೇಕಾದ್ರೂ ಅದ್ರಿಂದ ತೆಗೀಬೌದು. ಜ್ವಾಪಾನ.”

ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದೆ. ಬಟ್ಟೆಯೊಳಗಿಂದ ಎಂದಿನ ಅಪ್ಪಣೆ ಬಂತು, “ಸತ್ತಂಗೆ ಕೂತ್ಕಳವ್ವ!”

“ಅಂಗೆ ಆಮ್ಯಾಕೆ ನಾನೇ ಕೂತ್ಕತೀನಿ. ಈಗ ಬದುಕಿರಂಗೆ ತೆಗಿಯಯ್ಯ” ಎಂದು ಅಜ್ಜಿ ಕಣ್ಣು ಕೆಕ್ಕರಿಸಿದರು. ಅದೇ ಕಣ್ಣು ಪಟದಲ್ಲಿ ಉಳಿಯಿತು. ಅಷ್ಟು ಜೀವ ಇರುವ ಪಟ ನಾನು ಇನ್ನೊಂದು ನೋಡಿಲ್ಲ.

ಪಟ, ಪ್ಲೇಟು ಎರಡೂ ಕೈಗೆ ಬಂದ ಮೇಲೆ ಮಾವನವರು ನೆಟ್ಟಗೆ ಅಕ್ಕಸಾಲಿಯ ಅಂಗಡಿಗೆ ಹೋದರು. ಆತ ಗಾಜನ್ನು ಕೆರೆದು, ಕಾಸಿ, ಊದಿ ನೋಡಿ, “ಬೆಳ್ಳಿ ಏನೋ ಅದೆ ಗೌಡ್ರೆ. ಇರುವೆಗೊಂದು ಮೂಗ್ಬಟ್ಟು ಮಾಡ್ಸೋಕೂ ಸಾಲಾಕಿಲ್ಲ” ಎಂದನಂತೆ. ಮಾವನವರು ಧೃತಿಗೆಡಲಿಲ್ಲ. ಕೆರೆದು ಚೊಕ್ಕಟವಾದ ಗಾಜು ಪಟದ ಅಳತೆಗೆ ಸರಿಯಾಗಿತ್ತು. ಅದನ್ನೇ ಹಾಕಿಸಿ ಅಜ್ಜಿಯ ಪಟಕ್ಕೆ ಕಟ್ಟು ಕಟ್ಟಿಸಿದರು. ಗಾಜಿನ ದುಡ್ಡು ಉಳಿಯಿತೆಂದು ಬಂದವರಿಗೆಲ್ಲ ಹೇಳಿಕೊಂಡರು.

ಮಾರನೇ ವರ್ಷ ಅಜ್ಜಿ ಹೋದರು. ತಿಥಿಯ ದಿನ ಮಾವನವರ ತಂಗಿ, ಮಳವಳ್ಳಿಗೆ ಕೊಟ್ಟವರು, ಪಟವನ್ನು ಗೋಡೆಯಿಂದ ಇಳಿಸಿ ಎದೆಗೆ ಅವುಚಿಕೊಂಡು ಕೂತುಬಿಟ್ಟರು. “ಮನೆ ನಿಂದು, ಒಲ ನಿಂದು. ಅವ್ವನ ಮೊಕನೂ ನಿನ್ಗೇ ಬೇಕಾ? ಇದ ಕೊಡ್ನಿಲ್ಲ ಅಂದ್ರೆ ಈ ಒಸ್ಲು ತುಳಿಯಾಕಿಲ್ಲ ಕಣಣ್ಣ.” ಮಾವನವರಿಗೆ ತಂಗಿಯೂ ಬೇಕು, ಪಟವೂ ಬೇಕು. “ಇನ್ನೊಂದು ಪಟ ತಾನೆ, ಬಾ” ಎಂದು ತಂಗಿಯನ್ನೂ ಪಟವನ್ನೂ ಗಾಡಿಗೆ ಹತ್ತಿಸಿದರು. ನಾನೂ ಹೋದೆ.

“ಪ್ಲೇಟು ಕೊಡಿ” ಎಂದರು ಸಿದ್ದಪ್ಪನವರು.

ಮಾವನವರು ಪಟದ ಕಟ್ಟನ್ನು ಮುಂದಿಟ್ಟು, ಮೇಲಿನ ಗಾಜನ್ನು ಬೆರಳಿಂದ ಮುಟ್ಟಿ ತೋರಿಸಿದರು. “ಇದೇಯ.”

ಸಿದ್ದಪ್ಪನವರು ಬೈಯುತ್ತಾರೆಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಗಾಜನ್ನು ಕಟ್ಟಿನಿಂದ ಬಿಡಿಸಿ ಬೆಳಕಿಗೆ ಹಿಡಿದು, ಆಚೆ ಕಡೆಯ ಮಾವನವರ ಮುಖವನ್ನು ಅದರೊಳಗಿಂದಲೇ ನೋಡಿದರು. “ಬಿತ್ನೆ ಬೀಜ ಬೇಯಿಸ್ಕೊಂಡ್ ಉಂಡ್ಬುಟ್ರಲ್ಲ ಗೌಡ್ರೆ” ಎಂದರು ಮೆಲ್ಲಗೆ. ಪಟದ್ದೇ ಪಟ ತೆಗೆಯಬೇಕು, ಅದಕ್ಕೆ ಹೊಸ ಪ್ಲೇಟು ಬೇಕು, ಯುದ್ಧದಿಂದಾಗಿ ರೇಟು ಎರಡರಷ್ಟು. ಮಾವನವರು ಒಪ್ಪಿದರು.

ಅಜ್ಜಿಯ ಪಟವನ್ನು ಅದೇ ಕುರ್ಚಿಯ ಮೇಲೆ ಒರಗಿಸಿ ಸಿದ್ದಪ್ಪನವರು ಬಟ್ಟೆ ಹೊದ್ದರು. ಸತ್ತಂಗೆ ಕೂತ್ಕೊ ಎಂದು ಹೇಳಲಿಲ್ಲ. ಮುಚ್ಚಳ ತೆಗೆದರು, ಕಾದರು, ಮುಚ್ಚಿದರು. ಆದರೆ ಅಷ್ಟು ವರ್ಷಗಳ ಅಭ್ಯಾಸ ಎಲ್ಲಿ ಹೋಗಬೇಕು? “ಹೂಂ, ಬದುಕ್ಕಳವ್ವ” ಎಂದುಬಿಟ್ಟರು.

ಮಾವನವರು ಅಲ್ಲೇ ನೆಲಕ್ಕೆ ಕುಸಿದು ಅತ್ತರು. ಅಜ್ಜಿ ಸತ್ತ ಮೇಲೆ ಅವರು ಅತ್ತದ್ದು ಅದೇ ಮೊದಲು. ತಂಗಿ ಬಂದು ಅವರ ತಲೆಯನ್ನು ಮಡಿಲಿಗೆ ಒತ್ತಿಕೊಂಡರು. ಸಿದ್ದಪ್ಪನವರ ತಲೆ ಮಾತ್ರ ಬಹಳ ಹೊತ್ತು ಬಟ್ಟೆಯಿಂದ ಹೊರಗೆ ಬರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ಸಿದ್ದಪ್ಪನವರೂ ತೀರಿಕೊಂಡರು. ಸುದ್ದಿ ತಿಳಿದು ನಾವು ಮದ್ದೂರಿಗೆ ಹೋದಾಗ ಅವರನ್ನು ಅದೇ ಕುರ್ಚಿಯಲ್ಲಿ ಕೋಟು ತೊಡಿಸಿ ಕೂರಿಸಿದ್ದರು. ಮಕ್ಕಳಿರಲಿಲ್ಲ. ಮನೆಯಲ್ಲಿ ಅವರದೊಂದು ಪಟವೂ ಇಲ್ಲವೆಂದು ಹೆಂಡತಿ ಅಳುತ್ತಿದ್ದರು. ಮಂಡ್ಯದಿಂದ ಬಂದಿದ್ದ ಫೋಟೋದವರು ರೇಟು ಹೇಳಿದರು. ಮಾವನವರು ಚೌಕಾಸಿ ಮಾಡದೆ ಎಣಿಸಿ ಕೊಟ್ಟು, “ಪ್ಲೇಟು ನಿನ್ ತಾವೇ ಇರ್ಲಿ ಕಣಪ್ಪ, ಜ್ವಾಪಾನ” ಎಂದರು.

ಕುರ್ಚಿಯ ಸುತ್ತ ನಾವೆಲ್ಲ ನಿಂತೆವು. ಯಾರೂ ರೆಪ್ಪೆ ಆಡಿಸಲಿಲ್ಲ. ಮಂಡ್ಯದ ಫೋಟೋದವರು ಮುಚ್ಚಳ ಮುಚ್ಚಿ, ಏನೂ ಹೇಳದೆ ಸ್ಟ್ಯಾಂಡು ಮಡಚತೊಡಗಿದರು. ಪಟ ಮುಗಿದದ್ದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ಒಂದು ಮಾತು ಕೇಳದೆ ನಮ್ಮಲ್ಲಿ ಯಾರಿಗೂ ಕದಲಲು ಆಗಲಿಲ್ಲ.