ಎಡಗೈಗೆ ಹದಿನೈದು ದಿನ

ಹಲಸೂರಿನ ನಿವೃತ್ತ ಟೀಚರ್ ಸರೋಜಾ ಅವರಿಗೆ ಪಾರ್ಶ್ವವಾಯು ಹೊಡೆದಿತ್ತು. ಫಿಸಿಯೋಥೆರಪಿಗೆಂದು ಮನೆಗೆ ಹೋದ ನನ್ನನ್ನು ಅವರು ಮೊದಲು ಕೇಳಿದ್ದು ನಡಿಗೆಯ ವಿಷಯವಲ್ಲ.

"ಹದಿನೈದು ದಿನದಲ್ಲಿ ಎಡಗೈ ಬೆರಳು ಆಡ್ತವಾ? ಹೊಸ ಆನ್‌ಲೈನ್ ಗೇಮ್ ಬರ್ತಿದೆ. ನಾವು ನಾಲ್ಕು ಜನ ಗೆಳತಿಯರು ಒಂದೊಂದು ಪಾತ್ರವಾಗಿ ಒಂದೇ ಕಥೆಯೊಳಗೆ ಹೋಗೋದು. ಆಡೋಕೆ ಎರಡೂ ಕೈ ಬೇಕು, ನನ್ನ ಕೈಲಿ ಆಗದಿದ್ರೆ ಬೇರೆಯವರನ್ನ ಸೇರಿಸ್ಕೊಳ್ತಾರೆ ರೀ."

ಬೆರಳು ಹಿಡಿದು ನೋಡಿದೆ, ಅಲ್ಲಾಡಲಿಲ್ಲ. ಆದರೂ "ಆಡ್ತವೆ" ಅಂದುಬಿಟ್ಟೆ. ಆಮೇಲೆ ದಿನವೂ ಅವರ ಮನೆ ಮೆಟ್ಟಿಲು ಹತ್ತುವಾಗ ಉಳಿದ ದಿನಗಳನ್ನು ಎಣಿಸುತ್ತಿದ್ದೆ.

ಹದಿನಾಲ್ಕನೇ ದಿನಕ್ಕೆ ಹೆಬ್ಬೆರಳು ಮಾತ್ರ ಸ್ವಲ್ಪ ಮಿಸುಕಿತು. ನಿಜ ಹೇಳೋಣವೆಂದು ಬಾಯಿ ತೆಗೆಯುವಷ್ಟರಲ್ಲಿ ಅವರೇ ಫೋನ್ ತೋರಿಸಿದರು. "ಗೇಮ್ ಮೂರು ತಿಂಗಳು ಮುಂದಕ್ಕೆ ಹೋಯ್ತಂತೆ."

ಕಾದು ಕೂತವರೆಲ್ಲ ಆ ಗೇಮ್ ಕಂಪನಿಗೆ ಶಾಪ ಹಾಕಿದ ದಿನ, ಅದಕ್ಕೆ ಒಳ್ಳೆಯದಾಗಲಿ ಅಂದವರು ನಾವಿಬ್ಬರೇ ಇರಬೇಕು.