ಎಂಬತ್ತೊಂಬತ್ತರ ಕೆಳಗಿನ ಸಾಲು

ಬೆಳಗಿನ ಆರು ಗಂಟೆಗೆ ನಮ್ಮ ಅಡುಗೆಮನೆಯ ಗೋಡೆಯಾಚೆ ಲಾರಿಯೊಂದು ಕುಂಯ್ ಕುಂಯ್ ಎನ್ನುತ್ತ ಹಿಂದಕ್ಕೆ ಸರಿಯುತ್ತದೆ. ಕಬ್ಬಿಣದ ಬಾಗಿಲು ಗಡಗಡನೆ ಮೇಲೇಳುತ್ತದೆ. ಆಮೇಲೆ ಪೆಟ್ಟಿಗೆಗಳು ಒಂದೊಂದಾಗಿ ನೆಲ ಮುಟ್ಟುವ ಸದ್ದು. ಚಿಕ್ಕಮ್ಮ ಹಾಲಿನ ಪಾತ್ರೆಯ ಮುಂದೆ ನಿಂತು ಕಿವಿಗೊಟ್ಟು ಕೇಳುತ್ತಾಳೆ.

"ಧಪ್ ಅಂದ್ರೆ ಸೋಪಿನ ಪುಡಿ. ಗಳಗಳ ಅಂದ್ರೆ ಎಣ್ಣೆ ಬಾಟ್ಲಿ. ಇವತ್ತು ಬರೀ ಧಪ್ ಧಪ್. ಏನೋ ಮಸಲತ್ತು ನಡೆಸಿದಾರೆ."

"ಹಾಲು ಉಕ್ತಿದೆ, ಅದನ್ನ ಮೊದಲು ನೋಡೇ," ಎನ್ನುತ್ತಾಳೆ ಅಮ್ಮ.

ಗೋಡೆಯಾಚೆಗಿರುವುದು ಹಳದಿ ಅಂಗಡಿಯ ಹಿಂಬಾಗಿಲು. ಚಿಕ್ಕಮ್ಮನಿಗೆ ಸಂಬಳ ಕೊಡುವುದು ರಸ್ತೆಯ ಆ ಬದಿಯ ನೀಲಿ ಅಂಗಡಿ. ಎರಡೂ ಊರೂರಿಗೆ ಬಾಗಿಲು ತೆರೆದ ದೊಡ್ಡ ಕಂಪನಿಗಳು. ಅವುಗಳ ಬೋರ್ಡಿನಲ್ಲಿ ಉದ್ದದ ಹೆಸರುಗಳಿವೆ, ನಮ್ಮ ಬೀದಿಗೆ ಬಣ್ಣವೇ ಸಾಕಾಯಿತು. ಎದುರಿನವರಿಗಿಂತ ಒಂದು ರೂಪಾಯಿಯಾದರೂ ಕಡಿಮೆ ಎಂಬುದು ನೀಲಿಯವರ ಪ್ರತಿಜ್ಞೆ. ಹಳದಿಯವರ ಹೆಮ್ಮೆ ಅವರ ಕಾರ್ಡು. ಕೊಂಡಷ್ಟೂ ಪಾಯಿಂಟು ಸೇರುತ್ತದೆ, ಸೇರಿದರೆ ಸಾಮಾನು ಬರುತ್ತದೆ. ಅಮ್ಮ ಎರಡು ವರ್ಷದಿಂದ ಒಂದು ಕುಕ್ಕರಿಗಾಗಿ ಪಾಯಿಂಟು ಕೂಡಿಸುತ್ತಿದ್ದಾಳೆ. ಹೀಗೆ ಒಂದೇ ಮನೆಯಲ್ಲಿ ಅಕ್ಕ ಹಳದಿ, ತಂಗಿ ನೀಲಿ.

ಚಿಕ್ಕಮ್ಮನ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ದಿನವೂ ಹನ್ನೊಂದು ಗಂಟೆಗೆ ಬುಟ್ಟಿ ಹಿಡಿದು, ಗಿರಾಕಿಯ ಹಾಗೆ ಹಳದಿ ಅಂಗಡಿಗೆ ಹೋಗಿ ನಲವತ್ತು ಸಾಮಾನುಗಳ ಬೆಲೆ ನೋಡಿಕೊಂಡು ಬರುವುದು. ಬರೆದುಕೊಂಡರೆ ಕಾವಲಿನವನು ಹಿಡಿಯುತ್ತಾನೆ, ಫೋನ್ ಎತ್ತಿದರೂ ಹಿಡಿಯುತ್ತಾನೆ. ಎಲ್ಲವನ್ನೂ ತಲೆಯಲ್ಲೇ ಹೊತ್ತು ತರಬೇಕು. ಕನ್ನಡಕ ಏರಿಸಿ ಬಗ್ಗಿ ಚೀಟಿ ಓದುವವರು ಬೇಗ ಕಣ್ಣಿಗೆ ಬೀಳುತ್ತಾರೆಂದು ಅವಳು ಕನ್ನಡಕವನ್ನೂ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಳು. ದೊಡ್ಡ ಅಂಕಿಗಳಿಗೆ ಕನ್ನಡಕವೇಕೆ? ಬರಿಗೈಯಲ್ಲಿ ಹೊರಬಂದರೆ ಅನುಮಾನವೆಂದು ಪ್ರತಿ ಸಲ ಒಂದು ಬೆಂಕಿಪೊಟ್ಟಣ ಕೊಳ್ಳುತ್ತಾಳೆ. ಆರು ವರ್ಷದ ಬೆಂಕಿಪೊಟ್ಟಣಗಳು ನಮ್ಮ ಮನೆಯ ಎರಡು ಡ್ರಾಯರ್ ತುಂಬಿವೆ.

ಅದಕ್ಕೂ ಮುಂಚೆ ಅವಳು ಅದೇ ನೀಲಿ ಅಂಗಡಿಯ ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಸಿಮೆಂಟು ನೆಲದ ಮೇಲೆ ದಿನಕ್ಕೆ ಹತ್ತು ತಾಸು ನಿಂತು ನಾಲ್ಕು ವರ್ಷದಲ್ಲಿ ಮಂಡಿ ಹೋಯಿತು. ನೆನಪಿನ ಶಕ್ತಿ ನೋಡಿ ಈ ಕೆಲಸ ಕೊಟ್ಟಾಗ ಒಂದು ಷರತ್ತೂ ಕೊಟ್ಟರು: ಒಂದು ಬೆಲೆ ತಪ್ಪಿದರೆ ಎಚ್ಚರಿಕೆ, ಎರಡನೆಯದು ತಪ್ಪಿದರೆ ಮತ್ತೆ ಗೋದಾಮು. ಮೊದಲನೆಯ ತಪ್ಪನ್ನು ಅವಳು ಹೋದ ವರ್ಷವೇ ಬಿಸ್ಕತ್ತಿನ ಮೇಲೆ ಖರ್ಚು ಮಾಡಿದ್ದಳು.

ಸೋಪಿನ ಪುಡಿ ಧಪ್ ಧಪ್ ಎಂದ ಆ ದಿನ, ಹಳದಿ ಅಂಗಡಿಯಲ್ಲಿ ಕಿಲೋ ಪೊಟ್ಟಣದ ಕೆಳಗೆ ಅಂಗೈಯಗಲದ ಅಂಕಿ ಇತ್ತು. ಎಂಬತ್ತೊಂಬತ್ತು. ಹಿಂದಿನ ದಿನ ಅದು ನೂರ ಹದಿನೆಂಟು. ಚಿಕ್ಕಮ್ಮ ಓಡದ ಹಾಗೆ ಓಡುತ್ತ ಬಂದು ಮ್ಯಾನೇಜರನಿಗೆ ಹೇಳಿದಳು. ಹನ್ನೆರಡೂವರೆಗೆ ನೀಲಿ ಅಂಗಡಿಯ ಬಾಗಿಲಲ್ಲಿ ಎಂಬತ್ತೆಂಟರ ಬ್ಯಾನರ್ ಏರಿತು. ಮಧ್ಯಾಹ್ನಕ್ಕೆ ಜನ ಎರಡೆರಡು ಪೊಟ್ಟಣ ಬಗಲಿಗೇರಿಸಿ ಹೊರಡುತ್ತಿದ್ದರು.

ಸಂಜೆ ಅಮ್ಮ ಹಳದಿ ಅಂಗಡಿಯಿಂದ ಬಂದವಳು ಗೆದ್ದವಳ ಹಾಗೆ ಚೀಲ ಇಳಿಸಿದಳು.

"ನೋಡೇ, ಎಂಬತ್ತೊಂಬತ್ತಕ್ಕೆ ತಂದೆ. ಕಾರ್ಡಿನ ಮಹಿಮೆ!"

"ಕಾರ್ಡ್ ಯಾಕೆ? ಎಲ್ಲರಿಗೂ ಅಷ್ಟೇ ತಾನೆ?"

"ಎಲ್ಲರಿಗೂ ಎಲ್ಲಿ? ಕಾರ್ಡ್ ಇದ್ದೋರಿಗೆ ಎಂಬತ್ತೊಂಬತ್ತು, ಇಲ್ದಿದ್ದೋರಿಗೆ ಅದೇ ನೂರ ಹದಿನೆಂಟು. ಕೆಳಗೆ ಸಣ್ಣಕ್ಷರದಲ್ಲಿ ಹಾಕಿದಾರಲ್ಲ. ದಿನಾ ಹೋಗ್ತೀಯ, ಕಣ್ಣು ಎಲ್ಲಿಟ್ಟಿದ್ದೆ?"

ಕಣ್ಣು ಕಿಟಕಿಯ ಮೇಲಿತ್ತು, ಮಡಿಸಿದ ಕನ್ನಡಕವಾಗಿ. ಚಿಕ್ಕಮ್ಮ ಅದನ್ನು ಹಾಕಿಕೊಂಡು ಅಮ್ಮನ ಬಿಲ್ಲನ್ನು ಮೂರು ಸಲ ಓದಿದಳು. ಕಾರ್ಡಿನವರಿಗೆಂದೇ ಬೇರೆ ಬೆಲೆ ಹಾಕುವುದನ್ನು ನಮ್ಮ ಬೀದಿ ಅದುವರೆಗೆ ಕಂಡಿರಲಿಲ್ಲ. ನೀಲಿ ಅಂಗಡಿ ಇಡೀ ಊರಿಗೆ ಮೂವತ್ತು ರೂಪಾಯಿ ಇಳಿಸಿ ಮಾರುತ್ತಿತ್ತು, ಅವಳ ಮಾತು ನಂಬಿ.

"ಎರಡನೇದು," ಎಂದಳು ಅಷ್ಟೆ. ಊಟಕ್ಕೆ ಕೂತಾಗ ಕೈ ತಾನಾಗಿಯೇ ಮಂಡಿ ಸವರುತ್ತಿತ್ತು. ಅಮ್ಮ ಕೂಡ ಕುಕ್ಕರಿನ ಸುದ್ದಿ ಎತ್ತಲಿಲ್ಲ.

ಮರುದಿನ ಒಂಬತ್ತಕ್ಕೆ ಹಳದಿ ಅಂಗಡಿಯ ಬಾಗಿಲು ತೆರೆಯುತ್ತಲೇ ಅವಳು ಒಳಗಿದ್ದಳು. ಕನ್ನಡಕ ಮೂಗಿನ ಮೇಲೇ ಇತ್ತು. ಹೇಗೂ ಕೆಲಸ ಹೋಗುವುದೇ ಆದರೆ ತಪ್ಪನ್ನು ಸರಿಯಾಗಿ ನೋಡಿಕೊಂಡಾದರೂ ಹೋಗಿ ಹೇಳೋಣ ಎಂದು.

ಸೋಪಿನ ಪುಡಿಯ ಸಾಲಿನಲ್ಲಿ ಆಗಲೇ ಒಬ್ಬ ನಿಂತಿದ್ದ. ಛತ್ರಿ ಎಂಬುದು ಚಿಕ್ಕಮ್ಮ ಅವನಿಗಿಟ್ಟ ಹೆಸರು. ಬಿಸಿಲಿರಲಿ ಮೋಡವಿರಲಿ, ಕೈಯಲ್ಲಿ ಛತ್ರಿ ಹಿಡಿದು ದಿನವೂ ನಾಲ್ಕು ಗಂಟೆಗೆ ನೀಲಿ ಅಂಗಡಿಗೆ ಬಂದು ಬೆಲೆ ನೋಡಿ, ಒಂದು ಮೇಣದಬತ್ತಿ ಕೊಂಡು ಹೋಗುವ ಹಳದಿಯವರ ಮನುಷ್ಯ. ಆರು ವರ್ಷದಿಂದ ಇಬ್ಬರಿಗೂ ಇಬ್ಬರೂ ಗೊತ್ತು, ಇಬ್ಬರೂ ಗೊತ್ತಿಲ್ಲದವರ ಹಾಗೆ ಇದ್ದರು. ಇವತ್ತು ಅವನ ಮುಖ ಬಾಡಿತ್ತು.

"ಅಮ್ಮಾ, ಒಂದು ಮಾತು," ಎಂದ ಅವನು, ತುಟಿ ಅಲುಗದ ಹಾಗೆ. "ನಿನ್ನೆ ನಿಮ್ಮಲ್ಲಿ ಹಾಕಿದ್ದು ಎಂಬತ್ತೆಂಟೇ ತಾನೆ? ಐವತ್ತೆಂಟು, ಅರವತ್ತೆಂಟು ಅಲ್ವಲ್ಲ?"

"ಎಂಬತ್ತೆಂಟು. ಯಾಕೆ, ಅಷ್ಟು ದೊಡ್ಡದಾಗಿ ಹಾಕಿದ್ರೂ ಕಾಣ್ಲಿಲ್ವಾ?"

"ಕನ್ನಡಕ ಹಾಕ್ಕೊಂಡು ಬಂದ್ರೆ ನಿಮ್ಮ ಕಾವಲಿನವನು ಬಿಡ್ತಾನಾ? ಅಂದಾಜಿನ ಮೇಲೆ ಹೇಳ್ಬಿಟ್ಟೆ. ನಮ್ಮ ಸಾಹೇಬ್ರು ಕಾಫಿ ಅರ್ಧಕ್ಕೇ ಬಿಟ್ಟು ಎದ್ರು. ರಾತ್ರಿ ಅಂಗಡಿ ಮುಚ್ಚೋ ಹೊತ್ತಿಗೆ ಇದನ್ನ ಹಾಕ್ಸಿಬಿಟ್ರು. ನಂಗೆ ಆವಾಗಿಂದ ಜೀವದಲ್ಲಿ ಜೀವ ಇಲ್ಲ."

ಅವನ ಛತ್ರಿಯ ತುದಿ ತೋರಿಸಿದ ಕಡೆ ಹೊಸ ಚೀಟಿ. ಎಂಬತ್ತೇಳು. ಚಿಕ್ಕಮ್ಮ ಬಗ್ಗಿ, ಕೆಳಗಿನ ಸಣ್ಣ ಸಾಲನ್ನು ಬೆರಳಿಟ್ಟು ಓದಿದಳು. ಎಲ್ಲರಿಗೂ. ಕಾರ್ಡ್ ಬೇಕಿಲ್ಲ.

ಅವಳು ತಪ್ಪಾಗಿ ಒಯ್ದಿದ್ದ ಬೆಲೆ ರಸ್ತೆ ದಾಟಿ ಹೋಗಿ, ಒಂದು ರೂಪಾಯಿ ಇಳಿದು, ಮತ್ತೆ ರಸ್ತೆ ದಾಟಿ ಬಂದು, ಇನ್ನೊಂದು ರೂಪಾಯಿ ಇಳಿದು ನಿಜವಾಗಿ ಕೂತಿತ್ತು. ಚಿಕ್ಕಮ್ಮ ಕಪಾಟಿಗೆ ಕೈ ಊರಿ ನಕ್ಕಳು. ಛತ್ರಿಗೆ ಏನೂ ತಿಳಿಯದಿದ್ದರೂ, ತಾನು ಸರಿಯಾಗಿಯೇ ಓದಿದ್ದೇನೆಂಬ ಸಮಾಧಾನಕ್ಕೆ ಅವನೂ ನಕ್ಕ.

"ಮನೇಲಿ ಮೇಣದಬತ್ತಿ ಎಷ್ಟಿವೆ?" ಎಂದು ಕೇಳಿದಳು.

"ಕೇಳ್ಬೇಡಿ. ಹಚ್ಚೋಕೆ ಬೆಂಕಿಕಡ್ಡಿನೇ ಸಾಲಲ್ಲ."

"ಅದರ ಯೋಚನೆ ನಂಗೆ ಬಿಡಿ."

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಾಳೆಯೂ ಕನ್ನಡಕವಿಲ್ಲದೆ ಹೋಗಿ, ನಾಳೆಯೂ ಹೀಗೆ ಎದೆ ಹಿಡಿದು ಕೂರಬೇಕಲ್ಲ ಎನ್ನಿಸಿತಂತೆ. ನೇರ ನೀಲಿ ಅಂಗಡಿಗೆ, ಮ್ಯಾನೇಜರನ ಕೋಣೆಗೆ ಹೋದಳು. ಅವನು ಅವಳ ಮಗನ ವಯಸ್ಸಿನವನು. ಫೋನ್ ಕೆಳಗಿಟ್ಟು, "ಬನ್ನಿ ಆಂಟಿ. ನಿನ್ನೆ ಸಂಜೆ ಹೆಡ್ ಆಫೀಸಿನವರು ಇಷ್ಟು ಯಾಕಪ್ಪಾ ಇಳಿಸ್ದೆ ಅಂತ ಜಾಡಿಸಿದ್ರು. ಈಗ ಶಹಬ್ಬಾಸ್ ಅಂತಿದಾರೆ. ಎದುರಿನವರ ಕಾರ್ಡಿನ ಆಟ ಒಂದೇ ದಿನಕ್ಕೆ ಮುಗೀತಲ್ಲ!" ಎಂದ.

"ನಾನು ನೋಡಿದ್ದು ಕಾರ್ಡಿನ ಬೆಲೆ, ಸರ್. ಕೆಳಗಿನ ಸಾಲು ಕಾಣ್ಲಿಲ್ಲ. ಕನ್ನಡಕ ಇಲ್ದೆ ಹೋಗಿದ್ದೆ."

ಅವನು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಚಿಕ್ಕಮ್ಮ ಮಂಡಿ ಹಿಡಿದುಕೊಂಡು ನಿಂತಿದ್ದಳು.

"ಆಂಟಿ, ಈ ಮಾತು ನೀವು ಹೇಳಿಲ್ಲ, ನಾನು ಕೇಳಿಲ್ಲ," ಎಂದ ಕೊನೆಗೆ. "ನಾಳೆಯಿಂದ ಕನ್ನಡಕ ಹಾಕ್ಕೊಂಡೇ ಹೋಗಿ. ಹಿಡಿದ್ರೆ ಹಿಡೀಲಿ, ವಯಸ್ಸಾದೋರು ಬೆಲೆ ಓದೋದೂ ತಪ್ಪಾ? ಮತ್ತೆ... ಇವತ್ತು ನಾವು ಎಂಬತ್ತಾರು ಹಾಕೋದು ಬೇಡ. ಸಾಕು."

ಅಂದು ಮಧ್ಯಾಹ್ನ ಚಿಕ್ಕಮ್ಮ ಎರಡು ಸಲ ಅನ್ನ ಬಡಿಸಿಕೊಂಡು ಉಂಡಳು. ಅಮ್ಮ ಮಾತ್ರ ಗೊಣಗುತ್ತಲೇ ಇದ್ದಳು. "ನನ್ನ ಕಾರ್ಡಿಗೆ ಕವಡೆ ಕಿಮ್ಮತ್ತಿಲ್ದಂಗೆ ಮಾಡ್ದೆ ಕಣೇ. ಇನ್ನು ಆ ಕುಕ್ಕರ್ ಯಾವ ಕಾಲಕ್ಕೆ ಬರುತ್ತೋ."

ಮರುದಿನ ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಚಿಕ್ಕಮ್ಮ ಬುಟ್ಟಿ ಎತ್ತಿಕೊಂಡಳು. ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಡ್ರಾಯರಿನಿಂದ ಹತ್ತು ಬೆಂಕಿಪೊಟ್ಟಣ ತೆಗೆದು ಬುಟ್ಟಿಯ ತಳಕ್ಕೆ ಹಾಕಿದಳು.

"ಅದ್ಯಾರಿಗೇ?" ಎಂದು ಅಮ್ಮ ಒಳಗಿನಿಂದ ಕೂಗಿದಳು.

"ಆ ಛತ್ರಿಯವರಿಗೆ. ಮತ್ತೆ ಅಕ್ಕಾ, ಬೆಳಗ್ಗೆ ಗೋಡೆಯಾಚೆ ಬರೀ ಗಳಗಳ ಅಂತಿತ್ತು, ಎಣ್ಣೆ ಇಳಿಸಿದಾರೆ, ಇವತ್ತು ನೋಡ್ತಿರು, ಕೆಳಗಿನ ಸಾಲು ಎಷ್ಟೇ ಸಣ್ಣಗಿರ್ಲಿ ನಾನು..." ಎನ್ನುತ್ತ ಚಿಕ್ಕಮ್ಮ ಚಪ್ಪಲಿ ಮೆಟ್ಟಿ, ಮಾತಿನ ಉಳಿದರ್ಧವನ್ನು ತನ್ನೊಡನೆಯೇ ಒಯ್ಯುತ್ತ, ಬೀದಿಗಿಳಿದಳು.