ಮೂವತ್ತೊಂಬತ್ತು ಈಚಲು ಮರಗಳ ದಾರಿ

ಮೈಸೂರಿನಿಂದ ಹೊರಟ ಬೆಳಗಿನ ರೈಲು ರಾಮನಗರದಲ್ಲಿ ನನ್ನನ್ನು ಇಳಿಸಿದಾಗ ಒಂಬತ್ತು ಗಂಟೆ ದಾಟಿತ್ತು. ನಾನು ಹೊರಟಿದ್ದು ಬೆಟ್ಟ ನೋಡುವುದಕ್ಕಲ್ಲ, ರೇಷ್ಮೆ ಕೊಳ್ಳುವುದಕ್ಕೂ ಅಲ್ಲ. ತೀರಿಹೋದ ನಮ್ಮ ತಾತ ಬೋರೇಗೌಡರು ಯಾರು ಎಂಬ ಘನವಾದ ಪ್ರಶ್ನೆಯನ್ನು ಎರಡು ದಿನದಲ್ಲಿ ಇತ್ಯರ್ಥ ಮಾಡುವುದಕ್ಕೆ.

ಸಂಗತಿ ಇಷ್ಟು. ಸ್ವಾತಂತ್ರ್ಯಕ್ಕೆ ಕೆಲವು ವರ್ಷ ಮೊದಲು, ಹೆಂಡದ ಸುಂಕ ನಿಂತರೆ ಸರ್ಕಾರ ತಾನಾಗಿ ಬೀಳುತ್ತದೆ ಎಂಬ ಲೆಕ್ಕಾಚಾರದ ಮೇಲೆ ತಾತ ಹತ್ತು ಜನರನ್ನು ಕಟ್ಟಿಕೊಂಡು ಕುದೂರಿನ ಆಚೆಯ ತಮ್ಮ ಊರಿನ ನಲವತ್ತು ಮರದ ಈಚಲು ತೋಪನ್ನು ಕಡಿದುಹಾಕಿದರು. ಮೂರು ತಿಂಗಳು ಜೈಲಿನಲ್ಲಿದ್ದರು. ಸರ್ಕಾರ ಆಮೇಲೆ ಬಿತ್ತು. ತೋಪಿನ ಪಾಲು ಅದರಲ್ಲಿ ಎಷ್ಟು ಎಂದು ಯಾರೂ ತೂಗಿ ನೋಡಿಲ್ಲ. ಈಗ ಪಂಚಾಯಿತಿಯವರು ತಾತನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಲು ಒಪ್ಪಿದ್ದರು. ಆದರೆ ತೋಪಿದ್ದ ಜಾಗ ಇವತ್ತು, ಆಗ ಅಲ್ಲಿ ಹೆಂಡ ಇಳಿಸುತ್ತಿದ್ದ ಗಿರಿಯಪ್ಪನವರ ಮನೆತನದ್ದು. ಅವರ ಮೊಮ್ಮಗ ನಾಗರಾಜು, "ಉಗ್ರಗಾಮಿಯ ಕಲ್ಲು ನಮ್ಮ ಜಮೀನಿನಲ್ಲಿ ಬೇಡ" ಎಂದು ಹೇಳಿ ಕಳಿಸಿದ್ದ. ಅವನು ಒಪ್ಪದಿದ್ದರೆ ಪಂಚಾಯಿತಿಯ ಬಳಿ ಉಳಿದಿದ್ದು ನೀರಿನ ಟ್ಯಾಂಕಿನ ಹಿಂದಿನ ಕಸದ ಮೂಲೆ.

ತಾತನ ಮಕ್ಕಳಲ್ಲಿ ಉಳಿದವರು ಪುಟ್ಟತ್ತೆ ಒಬ್ಬರೇ. ತೊಂಬತ್ತು ದಾಟಿದೆ. ರಾಮನಗರದಲ್ಲಿ ನೂಲು ಬಿಚ್ಚುವ ಘಟಕಗಳ ಹಿಂದಿನ ಬೀದಿಯಲ್ಲಿ ಮನೆ. ಬೇಯಿಸಿದ ರೇಷ್ಮೆಗೂಡಿನ ವಾಸನೆ ಕಾಫಿಯೊಳಕ್ಕೂ ಇಳಿಯುತ್ತದೆ.

"ನಾನು ಕಣ್ಮುಚ್ಚೋದ್ರೊಳ್ಗೆ ನಮ್ಮಪ್ಪನ ಕಲ್ಲು ತೋಪಿನ ಜಾಗದಾಗೆ ನಿಲ್ಬೇಕು ಕಣಪ್ಪ. ಕಸದ ಮೂಲೇಲಲ್ಲ" ಎಂದರು. "ನೀನು ಹೋಗಿ ಒಪ್ಪುಸ್ಕಂಡು ಬಾ. ಬರಿಗೈಲಿ ಹೋಗ್ಬೇಡ. ಅವ್ರ ಮನೇಲಿ ಮರಿಮಗು ಐತಂತೆ, ಚನ್ನಪಟ್ಟಣದ ಗೊಂಬೆ ತಗಂಡೋಗು."

"ಚನ್ನಪಟ್ಟಣ ಈಗ ತಾನೇ ದಾಟಿ ಬಂದ್ನಲ್ಲತ್ತೆ!"

"ಇಳ್ಕಂಡು ತರ್ಬೇಡ ಅಂತ ಯಾರಂದ್ರು?"

ಹನ್ನೆರಡು ಕಿಲೋಮೀಟರು ವಾಪಸ್ಸು ಹೋದೆ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ್ದರಿಂದ ಕಂಡಕ್ಟರನ ಚಿಲ್ಲರೆಯ ಸಿಟ್ಟೆಲ್ಲ ನಾವು ನಾಲ್ಕು ಗಂಡಸರಿಗೇ ಮೀಸಲಾಗಿತ್ತು. ಬಿಸಿಲು ಮಾತ್ರ ಪಕ್ಷಪಾತವಿಲ್ಲದೆ ಬೀಳುತ್ತಿತ್ತು.

ಚನ್ನಪಟ್ಟಣದಲ್ಲಿ ರಿಯಾಜ್ ಸಾಹೇಬರು ಎಂಬ ಹಿರಿಯರ ಗೊಂಬೆ ಮಾಡುವ ಪಟ್ಟಡೆಗೆ ಹೊಕ್ಕೆ. ಯಂತ್ರದಲ್ಲಿ ಗಿರಗಿರನೆ ತಿರುಗುವ ಹಾಲೆ ಮರದ ತುಂಡಿಗೆ ಅವರು ಅರಗಿನ ಕಡ್ಡಿ ಒತ್ತಿದರೆ, ಬಿಸಿಗೆ ಕರಗಿ ಬಣ್ಣ ತಾನೇ ಹತ್ತಿಕೊಳ್ಳುತ್ತದೆ. ಹಲಗೆಯ ಮೇಲೆ ಬಣ್ಣವಿಲ್ಲದ ಸಣ್ಣ ಸಣ್ಣ ಮನುಷ್ಯರು ಸಾಲಾಗಿ ನಿಂತಿದ್ದರು.

"ಇವ್ರು ಯಾರು ಸಾಹೇಬ್ರೆ?" ಎಂದೆ.

"ಇನ್ನೂ ಯಾರೂ ಅಲ್ಲ ಸಾರ್. ಕೆಂಪು ಟೋಪಿ ಹಾಕುದ್ರೆ ಪೊಲೀಸು. ಕಪ್ಪು ಹಾಕುದ್ರೆ ಕಳ್ಳ. ಆಗಸ್ಟ್ ಬಂತು ಅಂದ್ರೆ ಸ್ಕೂಲ್‌ನೋರು ಆರ್ಡರ್ ಕೊಡ್ತಾರೆ, ಅದೇ ಕಳ್ಳನ್ಗೆ ಬಿಳೀ ಟೋಪಿ, ದೇಶಭಕ್ತ ಆಗೋಯ್ತಾನೆ."

"ಮುಖ?"

"ಮುಖ ಎಲ್ಲಾರ್ಗೂ ಒಂದೇ ಸಾರ್. ಬೇರೆ ಬೇರೆ ಮಾಡಾಕೆ ಟೈಮ್ ಎಲ್ಲೈತೆ?"

ನನ್ನ ಕೆಲಸದ ಸೂಕ್ಷ್ಮವನ್ನು ನೆನೆದು, ಟೋಪಿಯೇ ಇಲ್ಲದ ಒಂದು ಬುಗುರಿ ಕೊಂಡೆ.

ಮಧ್ಯಾಹ್ನ ಕನಕಪುರ. ಮುದ್ದೆ, ಹುರುಳಿ ಸಾರು ಉಂಡು, ಕಲ್ಲು ಕೆತ್ತುವ ಸಿದ್ದಾಚಾರಿಯ ಶೆಡ್ಡಿಗೆ ಹೋದೆ. ನಮ್ಮ ಕಲ್ಲು ಗೋಡೆಗೆ ಒರಗಿತ್ತು. 'ಶ್ರೀ ಬೋರೇಗೌಡರು' ಎಂದು ಚೆನ್ನಾಗಿ ಕೆತ್ತಿದ್ದ. ಕೆಳಗೆ ಎರಡು ಮೊಳ ಬೋಳು.

"ಪಂಚಾಯ್ತಿಯೋರು ಸ್ವಾತಂತ್ರ್ಯ ಹೋರಾಟಗಾರರು ಅಂತ ಹಾಕು ಅಂದ್ರು" ಎಂದ ಸಿದ್ದಾಚಾರಿ. "ಆ ಊರಿಂದ ಇನ್ನೊಬ್ರು ಫೋನ್ ಮಾಡಿ, ಹಂಗೆ ಹಾಕೀಯಾ ಜೋಕೆ ಅಂದ್ರು. ಕಲ್ಲು ಏನು ಸ್ಲೇಟಾ ಸಾಮಿ, ಒರೆಸಿ ಬರೆಯಾಕೆ? ನೀವ್ ನೀವೇ ಒಂದು ಮಾತಿಗೆ ಬನ್ನಿ. ಅಲ್ಲೀಗಂಟ ಉಳಿ ಮುಟ್ಟಾಕಿಲ್ಲ."

ದೇಶದ ಇತಿಹಾಸಕಾರರಲ್ಲಿ ಇಷ್ಟು ಎಚ್ಚರ ಇದ್ದಿದ್ದರೆ ಎಂದುಕೊಂಡು ರಾತ್ರಿಯೂಟಕ್ಕೆ ರಾಮನಗರಕ್ಕೆ ಮರಳಿದೆ.

ಮರುದಿನ ಬೆಳಗ್ಗೆ ಮಾಗಡಿಗೆ ಬಸ್ಸು ಹತ್ತಿದೆ. ಮಾಗಡಿಯಲ್ಲಿ ಇಡ್ಲಿ, ಅಲ್ಲಿಂದ ಕುದೂರಿಗೆ ಇನ್ನೊಂದು ಬಸ್ಸು, ಕುದೂರಿನಿಂದ ಮೂರು ಮೈಲಿ ಆಟೋ. ಇಳಿಯುವಾಗ ಮೋಡ ಕಟ್ಟಿ ಗಾಳಿ ತಂಪಾಗಿತ್ತು. ತೋಪಿದ್ದ ಕಡೆ ಈಗ ರಾಗಿ ಹೊಲ, ರಸ್ತೆಗೆ ತಾಗಿ ನಾಗರಾಜುವಿನ ಟೀ ಹೋಟೆಲು. ಐವತ್ತು ದಾಟಿದ ದಪ್ಪ ಮನುಷ್ಯ. ನಾನು ಯಾರೆಂದು ಹೇಳಿದೆ. ಟೀ ಕೊಟ್ಟ, ಕುರ್ಚಿ ಒರೆಸಿದ, ಆಮೇಲೆ ಜಗಳ ತೆಗೆದ. ಮರ್ಯಾದಸ್ಥರ ಕ್ರಮವೇ ಹಾಗೆ.

"ಹತ್ತು ಜನ ಮಚ್ಚು ಕೊಡ್ಲಿ ಹಿಡ್ಕಂಡು, ಗುಂಪು ಕಟ್ಕಂಡು ಬಂದು, ಒಬ್ಬ ಬಡವನ ಅನ್ನ ಕಡ್ದು ಹೋದ್ರು. ಇವತ್ತು ಹಿಂಗ್ ಮಾಡುದ್ರೆ ಟೀವಿನೋರು ಏನಂತಾರೆ, ನೀವೇ ಹೇಳಿ ಸಾರ್."

"ಯಾವ ಟೀವಿ ಅನ್ನೋದರ ಮೇಲೆ ಹೋಗುತ್ತೆ ನಾಗರಾಜು. ಅವರು ಕಡಿದದ್ದು ಸರ್ಕಾರದ ಆದಾಯ ಅಂತ..."

"ಸರ್ಕಾರ ಮರ ಹತ್ತುತ್ತಿತ್ತಾ ಸಾರ್? ಹತ್ತುತ್ತಿದ್ದೋನು ನಮ್ಮ ತಾತ!"

ನಾನು ಚೀಲಕ್ಕೆ ಕೈ ಹಾಕಿದೆ. ಬುಗುರಿ ತೆಗೆದು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಒಳಗಿನಿಂದ ಗೋಡೆ ಹಿಡಿದುಕೊಂಡು ನಾಗರಾಜುವಿನ ತಾಯಿ ಹೊನ್ನಮ್ಮ ಬಂದರು. ಗಿರಿಯಪ್ಪನವರ ಮಗಳು; ನಮ್ಮತ್ತೆಯ ವಾರಿಗೆಯವರು.

"ಪುಟ್ಟಿ ಅಣ್ಣನ ಮಗ್ನಾ ನೀನು? ಮೂಗು ಬೋರೇಗೌಡಂದೇ" ಎಂದು ಪಕ್ಕದಲ್ಲಿ ಕೂತರು. "ಲೇ ನಾಗ, ನಿನ್ ಉಗ್ರಗಾಮೀನ ಒಸಿ ಆಚೆಗಿಟ್ಟು ಎಲೆ ಅಡಿಕೆ ತತ್ತಾ."

ಮಗ ಎದ್ದು ಹೋದ. ಅವರು ದನಿ ತಗ್ಗಿಸಿದರು.

"ತೋಪು ಹೋದ್ಮ್ಯಾಕೆ ನಮ್ಮಪ್ಪ ಹಿಪ್ಪುನೇರಳೆ ತೋಟಕ್ಕೆ ಕೂಲಿಗೆ ಹೋದ. ನಾನು ಸೊಪ್ಪು ಹೊತ್ತೆ. ಇಸ್ಕೂಲು ಅಲ್ಗೇ ಮುಗೀತು. ಪುಟ್ಟಿ ಓದುದ್ಲು. ಅದೊಂದು ನಂಗೆ ಇವತ್ಗೂ ಹೊಟ್ಟೇಲೈತೆ ಕಣಪ್ಪ."

ನಮ್ಮ ಮನೆಯಲ್ಲಿ ಈ ಕಥೆ ನೂರು ಸಲ ಕೇಳಿದ್ದೇನೆ; ಸೊಪ್ಪಿನ ಹೊರೆ ಅದರಲ್ಲಿ ಒಂದು ಸಲವೂ ಬಂದಿರಲಿಲ್ಲ.

"ನಲವತ್ತೂ ಮರ ಕಡಿದರಂತಲ್ಲಮ್ಮ" ಎಂದೆ, ಏನಾದರೂ ಹೇಳಬೇಕಲ್ಲ ಎಂದು.

ಹೊನ್ನಮ್ಮನಿಗೆ ನಗು ಬಂತು. "ಮೂವತ್ತೊಂಬತ್ತು. ಬಾವಿ ಪಕ್ಕದ್ದು ಒಂದು ಬುಟ್ಟಿದ್ದ."

"ಕರುಣೆಯಿಂದಲಾ?"

"ಅಯ್ ನಿನ್ನ! ಸಾಯಂಕಾಲಕ್ಕೆ ಬ್ಯಾಡ್ವಾ ಅವ್ನಿಗೆ? ಜೈಲಿಂದ ಬಂದ ದಿನಾನೇ ಹೆಂಡದ ಮಡಕೆ ಹೋಯ್ತು ಅವ್ರ ಮನೆಗೆ. ಕೊಡಾಕಿಲ್ಲ ಅಂದ್ರೆ ಆ ಒಂದು ಮರಾನೂ ದೇಶಕ್ಕೋಯ್ತದೆ ಅಂತ ನಮ್ಮಪ್ಪ ಸಾಯೋಗಂಟ ಕೊಟ್ಟ." ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ನನ್ನ ಕೈ ಹಿಡಿದರು. "ಪುಟ್ಟಿಗೆ ಹೇಳ್ಬ್ಯಾಡ. ಅಪ್ಪನ್ನ ದ್ಯಾವ್ರು ಅನ್ಕಂಡವ್ಳೆ, ನೊಂದ್ಕತ್ತಾಳೆ."

ನಾಗರಾಜು ತಟ್ಟೆ ಹಿಡಿದು ಬರುವ ಹೊತ್ತಿಗೆ ತೀರ್ಪು ಸಿದ್ಧವಾಗಿತ್ತು. "ಕಲ್ಲು ಇಲ್ಲೇ ನಿಲ್ಲಲಿ ಕಣ್ಲಾ" ಎಂದರು ಹೊನ್ನಮ್ಮ. "ಆದ್ರೆ ನಿಮ್ ತಾತ ಗಿರಿಯಪ್ಪನ ಹೆಸ್ರೂ ಇರ್ಬೇಕು. ಹೋರಾಟನೂ ಬ್ಯಾಡ, ಉಗ್ರನೂ ಬ್ಯಾಡ. ಬೆಳ್ಸಿದ್ದು ಯಾರು, ಕಡ್ದಿದ್ದು ಯಾರು, ಅಷ್ಟು ಬರ್ಸಿ. ಓದ್ದೋರು ಏನಾರ ಅನ್ಕಳ್ಳಿ."

"ಮೇಲೆ ಯಾರ ಹೆಸ್ರು?" ಎಂದ ನಾಗರಾಜು, ಸೋಲೊಪ್ಪದೆ.

"ಕಡೀಬೇಕಾದ್ರೆ ಮೊದ್ಲು ಬೆಳೀಬೇಕಲ್ವಾ?" ಎಂದೆ ನಾನು. ನಮ್ಮ ವಂಶದ ಹಿರಿಮೆಯನ್ನು ನಾನೇ ಎರಡನೇ ಸಾಲಿಗೆ ಇಳಿಸಿದ್ದೆ. ನಾಗರಾಜು ಮೊದಲ ಬಾರಿಗೆ ನಕ್ಕು ಇನ್ನೊಂದು ಟೀ ಹೇಳಿದ.

ಸಿದ್ದಾಚಾರಿಗೆ ಫೋನ್ ಮಾಡಿದೆ. ಆಗಲೇ ಮೇಲೆ ಕೆತ್ತಿದ್ದ ತಾತನ ಹೆಸರು? ಅವನು ಸ್ವಲ್ಪವೂ ಗಲಿಬಿಲಿಗೊಳ್ಳಲಿಲ್ಲ. "ಬುಡಿ ಸಾಮಿ, ಕಲ್ಲು ತಿರುಗ್ಸಿ ಹಿಂಭಾಗ್ದಾಗೆ ಹೊಸ್ದಾಗಿ ಕೆತ್ತುದ್ರಾಯ್ತು" ಎಂದ. ಮುಖ ಯಾವುದು, ಬೆನ್ನು ಯಾವುದು ಎಂದು ತೀರ್ಮಾನಿಸುವುದು ಇಷ್ಟು ಸುಲಭವೆಂದು ಮೊದಲೇ ಗೊತ್ತಿದ್ದರೆ ಎರಡು ದಿನ ಅಲೆಯುತ್ತಿರಲಿಲ್ಲ.

ಬೆಳಕಿರುವಾಗಲೇ ರಾಮನಗರ ತಲುಪಿದೆ. ಪುಟ್ಟತ್ತೆ ಜಗುಲಿಯಲ್ಲೇ ಕಾದಿದ್ದರು. ಕಲ್ಲಿನ ಮೇಲೆ ಬರುವ ಎರಡು ಸಾಲು ಹೇಳಿದೆ. ಗಿರಿಯಪ್ಪನ ಹೆಸರು ಮೇಲಿದೆ ಎಂದಾಗ ಸೆರಗು ಸರಿಮಾಡಿಕೊಂಡರು. ಆಮೇಲೆ, "ತೋಪಿನ ಜಾಗದಾಗೆ ತಾನೆ?" ಎಂದರು. ಹೌದೆಂದೆ. ತಲೆಯಾಡಿಸಿದರು.

"ಹೊನ್ನಿ ಇನ್ನೇನಂದ್ಲು?"

"ಇನ್ನೇನಿಲ್ಲ ಅತ್ತೆ."

"ಮರ ಎಷ್ಟು ಅಂದ್ಲು?"

"ನಲವತ್ತು" ಎಂದೆ, ಸತ್ಯವಂತನ ಮುಖ ಮಾಡಿಕೊಂಡು.

ಪುಟ್ಟತ್ತೆ ಬೀದಿಯ ಎರಡೂ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. "ಪಾಪ, ನನ್ ಮರ್ಯಾದೆಗೆ ಅಂತ ಒಂದು ಸೇರ್ಸವ್ಳೆ. ಆ ಬಾವಿ ಪಕ್ಕದ ಮರದ ಮಡಕೇನ ದಿನಾ ಸಾಯಂಕಾಲ ಗಿರಿಯಪ್ಪನ ಕೈಯಿಂದ ಇಸ್ಕಂಡು ಲಂಗದ ಮರೇಲಿಟ್ಕಂಡು ತತ್ತಿದ್ದೋಳೇ ನಾನು ಕಣೋ. ಹೊನ್ನಿಗೆ ಹೇಳ್ಬೇಡ, ನಂಗ್ ಗೊತ್ತಿಲ್ಲ ಅನ್ಕಂಡವ್ಳೆ."